ಒಂಬತ್ತನೇ ತರಗತಿಯ ಸೈಕಲ್: ಬಿಹಾರದ ಒಂದು ಯೋಜನೆಯ ಪ್ರಕರಣ ಅಧ್ಯಯನ

ಹೆಣ್ಣುಮಕ್ಕಳು ಅರ್ಧಕ್ಕೇ ಶಾಲೆ ಬಿಡುವ ವಿಷಯ ಚರ್ಚೆಗೆ ಬಂದ ಸಭೆಯಲ್ಲಿ 'ಪೋಷಕರ ಮನೋಭಾವ ಬದಲಾಗಬೇಕು' ಎಂದು ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಅಷ್ಟರಲ್ಲಿ ಚಹಾ ಬರುತ್ತದೆ. ಆ ಮಾತು ಸುಳ್ಳೇನಲ್ಲ, ಆದರೆ ಅದರಿಂದ ನಾಳೆ ಬೆಳಿಗ್ಗೆ ಯಾರು ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ. ಬಿಹಾರ ಸರ್ಕಾರ 2006ರಲ್ಲಿ ಆರಂಭಿಸಿದ 'ಮುಖ್ಯಮಂತ್ರಿ ಬಾಲಿಕಾ ಸೈಕಲ್ ಯೋಜನೆ'ಯನ್ನು ಇಲ್ಲಿ ಬಿಡಿಸಿ ನೋಡಲು ಆರಿಸಿಕೊಂಡಿರುವುದು ಇದೇ ಕಾರಣಕ್ಕೆ. ಅಲ್ಲಿ ಮೊದಲು ಯಾರ ಮನಸ್ಸನ್ನೂ ಬದಲಿಸಲು ಹೋಗಲಿಲ್ಲ. ಮನೆಗೂ ಪ್ರೌಢಶಾಲೆಗೂ ನಡುವಿನ ದಾರಿಯನ್ನು ಚಿಕ್ಕದು ಮಾಡಿದರು. ಮನಸ್ಸು ಬದಲಾದದ್ದು, ಬದಲಾದಷ್ಟು, ಆಮೇಲೆ.

ಸಂದರ್ಭ

2001ರ ಜನಗಣತಿಯ ಪ್ರಕಾರ ಬಿಹಾರದಲ್ಲಿ ಹೆಣ್ಣುಮಕ್ಕಳ ಸಾಕ್ಷರತೆ ಶೇ 33ರ ಆಸುಪಾಸಿನಲ್ಲಿತ್ತು, ಗಂಡಸರದು ಶೇ 60ರ ಹತ್ತಿರ. ಮೂವರು ಹೆಂಗಸರಲ್ಲಿ ಇಬ್ಬರಿಗೆ ಓದು ಬರಹ ಬಾರದ ರಾಜ್ಯ ಅದು. 2005ರ ನವೆಂಬರಿನಲ್ಲಿ ನಿತೀಶ್ ಕುಮಾರ್ ಮುಖ್ಯಮಂತ್ರಿಯಾದರು. ಮರುವರ್ಷ ಬಂದ ಎರಡು ತೀರ್ಮಾನಗಳು ಹೆಣ್ಣುಮಕ್ಕಳಿಗೆ ನೇರವಾಗಿ ಸಂಬಂಧಿಸಿದ್ದವು. ಒಂದು, ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಮೀಸಲಾತಿ. ದೇಶದಲ್ಲಿ ಈ ಹೆಜ್ಜೆ ಇಟ್ಟ ಮೊದಲ ರಾಜ್ಯ ಬಿಹಾರ. ಇನ್ನೊಂದು, ಒಂಬತ್ತನೇ ತರಗತಿಗೆ ಸೇರುವ ಹುಡುಗಿಗೆ ಸೈಕಲ್ ಕೊಳ್ಳಲು ಎರಡು ಸಾವಿರ ರೂಪಾಯಿ.

ಒಂಬತ್ತನೇ ತರಗತಿಯೇ ಏಕೆ? ಕರ್ನಾಟಕದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಏಳನೆಯದು ಮುಗಿಸಿದ ಮಗು ಎಂಟನೇ ತರಗತಿಗೆ ಪ್ರೌಢಶಾಲೆಯ ಮೆಟ್ಟಿಲು ಹತ್ತುವುದು ಬಹುಕಾಲದ ರೂಢಿ. ಬಿಹಾರದಲ್ಲಿ ಎಂಟರವರೆಗಿನದು ಒಂದು ಘಟ್ಟ, ಪ್ರೌಢಶಾಲೆ ಶುರುವಾಗುವುದು ಒಂಬತ್ತರಿಂದ. ಮುಂದೆ 2009ರಲ್ಲಿ ಬಂದ ಶಿಕ್ಷಣ ಹಕ್ಕು ಕಾಯಿದೆಯ ಹೊಣೆಯೂ ಹದಿನಾಲ್ಕು ವರ್ಷಕ್ಕೆ, ಎಂಟನೇ ತರಗತಿಗೆ ಮುಗಿಯುತ್ತದೆ. ಊರೊಳಗಿನ ಶಾಲೆ ಮುಗಿಯುವುದೂ, ಹುಡುಗಿ ಮೈನೆರೆಯುವುದೂ, 'ಇವಳ ಮದುವೆ ಯಾವಾಗ' ಎಂಬ ಪ್ರಶ್ನೆಯನ್ನು ನೆಂಟರು ಮೊದಲ ಸಲ ಎತ್ತುವುದೂ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ. ಮುಂದಿನ ಶಾಲೆ ಇರುವುದು ಬೇರೆ ಊರಿನಲ್ಲಿ: ಮೂರು, ಐದು, ಏಳು ಕಿಲೋಮೀಟರ್ ಆಚೆ.

ಮನೆಯೊಳಗಿನ ಲೆಕ್ಕ

ನಾಲ್ಕು ಕಿಲೋಮೀಟರ್ ದೂರದ ಪ್ರೌಢಶಾಲೆಯನ್ನು ಎದುರಿಗಿಟ್ಟುಕೊಂಡು ನೋಡಿ. ಚೀಲ ಹೊತ್ತ ಹುಡುಗಿ ಗಂಟೆಗೆ ನಾಲ್ಕು ಕಿಲೋಮೀಟರ್ ನಡೆದರೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಬೆಳಿಗ್ಗೆ ಕಸ ಗುಡಿಸಿ, ನೀರು ತುಂಬಿ, ತಮ್ಮ ತಂಗಿಯರಿಗೆ ಉಣ್ಣಿಸಿ ಹೊರಡುವವಳು ಅವಳು. ಸಂಜೆ ಹಟ್ಟಿಯ ಕೆಲಸ ಕಾಯುತ್ತಿರುತ್ತದೆ. ಈ ಎರಡು ಗಂಟೆಯನ್ನು ಮನೆ ಬಿಟ್ಟುಕೊಡಬೇಕು. ಸೈಕಲಿನಲ್ಲಾದರೆ ಅದೇ ದಾರಿ ಇಪ್ಪತ್ತು ನಿಮಿಷ. ದಿನಕ್ಕೆ ಎಂಬತ್ತು ನಿಮಿಷ ಉಳಿಯಿತು. ಅಣ್ಣನಾದರೆ ಆ ಎರಡು ಗಂಟೆಯ ಮಾತೇ ಏಳುವುದಿಲ್ಲ, ಏಕೆಂದರೆ ಅವನ ಸಮಯಕ್ಕೆ ಮನೆಯಲ್ಲಿ ಬೇಡಿಕೆ ಇಲ್ಲ. ಅಪ್ಪನ ಹಳೆಯ ಸೈಕಲ್ ಕೂಡ ಅವನ ಕೈಗೇ ಹೋಗುತ್ತದೆ. ಹತ್ತು ವರ್ಷದವನಿದ್ದಾಗಲೇ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತ ಅವನು ಅದನ್ನು ಕಲಿತಿರುತ್ತಾನೆ.

ಸಮಯಕ್ಕಿಂತ ದೊಡ್ಡ ಲೆಕ್ಕ ಭಯದ್ದು. ಕಬ್ಬಿನ ಗದ್ದೆ, ಮಾವಿನ ತೋಪು, ನಾಲೆಯ ಏರಿ, ಬಸ್ ನಿಲ್ದಾಣದ ಬಳಿಯ ಪಾನ್ ಅಂಗಡಿ, ಇವೆಲ್ಲ ದಾರಿಯಲ್ಲಿ ಬರುತ್ತವೆ. ಏನೂ ಆಗಬೇಕೆಂದಿಲ್ಲ, ಯಾರೋ ಹಿಂದೆ ಬಂದು ಒಂದು ಮಾತು ಅಂದರೂ ಸಾಕು. ಸಂಜೆಗೆ ಅದು ಊರಿನ ಬಾಯಲ್ಲಿರುತ್ತದೆ, ತಪ್ಪು ಹುಡುಗಿಯದಾಗಿರುತ್ತದೆ. ಇದರ ಜೊತೆಗೆ ವರದಕ್ಷಿಣೆಯ ಗಣಿತ: ಹತ್ತು ಓದಿದವಳಿಗೆ ಹನ್ನೆರಡು ಓದಿದ ವರ ಬೇಕು, ಅವನ ಬೆಲೆ ಇನ್ನೂ ಹೆಚ್ಚು. ಹೀಗೆ ಲೆಕ್ಕ ಹಾಕುವ ತಂದೆಯನ್ನು ಹಿಂದುಳಿದವನು, ಅಜ್ಞಾನಿ ಎಂದು ತಳ್ಳಿಹಾಕುವುದು ಸುಲಭ. ನನಗೇನೋ ಅವನು ತನ್ನ ಎದುರಿಗಿರುವ ಅಂಕಿಗಳನ್ನು ಸರಿಯಾಗಿಯೇ ಕೂಡಿಸುತ್ತಿದ್ದಾನೆ ಅನ್ನಿಸುತ್ತದೆ. ಅಂಕಿಗಳೇ ಹಾಗಿವೆ. ಬಿಹಾರದ ಯೋಜನೆ ಮಾಡಿದ್ದು ಅವುಗಳಲ್ಲಿ ಒಂದನ್ನು ಬದಲಿಸುವ ಕೆಲಸ.

ಹಣ ಕೈಗೆ ಬಂದ ಬಗೆ

ಯೋಜನೆಯ ಜೀವ ಇರುವುದು ಅದರ ವಿವರಗಳಲ್ಲಿ. ಎರಡು ಸಾವಿರ ರೂಪಾಯಿ ಅಂದಿನ ಒಂದು ಸಾಧಾರಣ ಸೈಕಲಿನ ಬೆಲೆಗೆ ಹತ್ತಿರದ ಮೊತ್ತ. ಅದನ್ನು ಅಂಚೆಯಲ್ಲಿ ಮನೆಗೆ ಕಳಿಸಲಿಲ್ಲ, ತಾಲ್ಲೂಕು ಕಚೇರಿಯ ಕಿಟಕಿಯಲ್ಲೂ ಕೊಡಲಿಲ್ಲ. ಶಾಲೆಯ ಮೂಲಕ, ಸಮಾರಂಭ ಮಾಡಿ, ಊರಿನ ಜನ ಮತ್ತು ಜನಪ್ರತಿನಿಧಿಗಳ ಎದುರು ಕೊಟ್ಟರು. ಸೈಕಲ್ ಕೊಂಡು ಅದರ ರಸೀದಿಯನ್ನು ಶಾಲೆಗೆ ಒಪ್ಪಿಸಬೇಕಿತ್ತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಬಡತನ ರೇಖೆಯ ಚೀಟಿ ಇವು ಯಾವುವೂ ಬೇಕಿರಲಿಲ್ಲ. ಒಂಬತ್ತನೇ ತರಗತಿಗೆ ಸೇರಿದ್ದರೆ ಸಾಕು.

ಸರ್ಕಾರ ಸೈಕಲನ್ನು ತಾನೇ ಖರೀದಿಸಲಿಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಟೆಂಡರ್ ಕರೆದು, ಲಕ್ಷಾಂತರ ಸೈಕಲ್ ಮಾಡಿಸಿ, ಬಿಡಿಭಾಗಗಳಾಗಿ ತಂದು, ಶಾಲೆಯ ಅಂಗಳದಲ್ಲಿ ಜೋಡಿಸಿ ಕೊಡುವ ದಾರಿಯೂ ಇತ್ತು. ಆ ದಾರಿಯಲ್ಲಿ ಏನೇನು ಆಗುತ್ತದೆಂದು ಸರ್ಕಾರಿ ಸಾಮಗ್ರಿ ಪೂರೈಕೆ ಕಂಡವರಿಗೆಲ್ಲ ಗೊತ್ತು. ಅರ್ಧ ವರ್ಷ ಕಳೆದ ಮೇಲೆ ಬರುತ್ತದೆ, ಬಂದದ್ದರಲ್ಲಿ ಬ್ರೇಕ್ ಹಿಡಿಯುವುದಿಲ್ಲ, ದೂರು ಕೊಡಲು ಹೋದರೆ ಯಾರಿಗೆ ಎಂಬುದೇ ತಿಳಿಯುವುದಿಲ್ಲ. ಹಣ ಕೊಟ್ಟಿದ್ದರಿಂದ ಕುಟುಂಬ ತನಗೆ ಗೊತ್ತಿರುವ ಪೇಟೆಯ ಅಂಗಡಿಗೆ ಹೋಯಿತು, ಬೇಕಿದ್ದರೆ ತನ್ನದೂ ಒಂದಿಷ್ಟು ಸೇರಿಸಿ ಗಟ್ಟಿಯಾದದ್ದನ್ನು ಆರಿಸಿತು, ಕೆಟ್ಟರೆ ಅದೇ ಅಂಗಡಿಯವನನ್ನು ಹಿಡಿಯಿತು.

'ಹಣ ಕೊಟ್ಟರೆ ಕುಡಿದು ಹಾಳುಮಾಡುತ್ತಾರೆ' ಎಂಬ ಮಾಮೂಲಿ ಆಕ್ಷೇಪ ಇಲ್ಲಿ ನಿಲ್ಲಲಿಲ್ಲ. ಬಿಹಾರದ ಹಳ್ಳಿಗಳಲ್ಲಿ ಮುಂದೆ ನಡೆದ ಸ್ವತಂತ್ರ ಸಮೀಕ್ಷೆಯಲ್ಲಿ ಹಣ ಪಡೆದ ಬಹುತೇಕ ಎಲ್ಲ ಮನೆಗಳೂ ಸೈಕಲ್ಲನ್ನೇ ಕೊಂಡಿದ್ದು ಕಂಡುಬಂತು. ಸೋರಿಕೆಯೂ ಬಹಳ ಕಡಿಮೆ. ಬಿಹಾರದ ಆಡಳಿತಕ್ಕೆ ಆಗ ಇದ್ದ ಹೆಸರನ್ನು ನೆನೆದರೆ ಇದು ಸಣ್ಣ ಮಾತಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಇಡೀ ಊರಿನ ಎದುರು ಹಣ ಕೊಟ್ಟಾಗ ಮುಖ್ಯೋಪಾಧ್ಯಾಯರಿಗೂ ತಂದೆಗೂ ಕೈ ಕಟ್ಟಿದಂತೆ. ಸೈಕಲ್ ಎಂಬುದು ಕಣ್ಣಿಗೆ ಕಾಣುವ ವಸ್ತು: ಪಕ್ಕದ ಮನೆಯ ಅಂಗಳದಲ್ಲಿ ನಿಂತಿದೆ, ನಿಮ್ಮ ಅಂಗಳದಲ್ಲಿ ಇಲ್ಲವೆಂದರೆ ಮಗಳೇ ಕೇಳುತ್ತಾಳೆ.

ಸೈಕಲ್ಲಿನಿಂದಲೇ ಎಂದು ಹೇಗೆ ಹೇಳುವುದು

ಯೋಜನೆ ಶುರುವಾದ ಮೇಲೆ ಹುಡುಗಿಯರ ದಾಖಲಾತಿ ಏರಿದ್ದು ನಿಜ. ಆದರೆ ಅದೇ ವರ್ಷಗಳಲ್ಲಿ ಬಿಹಾರದಲ್ಲಿ ಇನ್ನೂ ಎಷ್ಟೋ ನಡೆಯುತ್ತಿತ್ತು. ಕಾನೂನು ಸುವ್ಯವಸ್ಥೆ ಸುಧಾರಿಸಿತು, ರಸ್ತೆಗಳು ಬಂದವು, ಶಿಕ್ಷಕರ ನೇಮಕವಾಯಿತು, ರಾಜ್ಯದ ಆದಾಯ ಹೆಚ್ಚಿತು. ಹೀಗಿರುವಾಗ ಏರಿಕೆಯ ಶ್ರೇಯಸ್ಸನ್ನೆಲ್ಲ ಸೈಕಲ್ಲಿಗೆ ಕೊಡುವುದು ಚುನಾವಣಾ ಭಾಷಣಕ್ಕೆ ಸರಿ, ಅಧ್ಯಯನಕ್ಕಲ್ಲ.

ಈ ಗಂಟನ್ನು ಬಿಡಿಸಿದವರು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್. ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆಧಾರವಾಗಿ ಬಳಸಿದ್ದು 2007–08ರ ಜಿಲ್ಲಾ ಮಟ್ಟದ ಕುಟುಂಬ ಸಮೀಕ್ಷೆಯ ಅಂಕಿಗಳನ್ನು. ಅವರ ವಿಧಾನ ಮೂರು ಜರಡಿಗಳಲ್ಲಿ ಸೋಸುವಂಥದ್ದು. ಮೊದಲನೆಯದು ವಯಸ್ಸು: ಸಮೀಕ್ಷೆಯ ಹೊತ್ತಿಗೆ 14–15 ವರ್ಷದ ಹುಡುಗಿಯರಿಗೆ ಸೈಕಲ್ ಸಿಗುವ ಅವಕಾಶವಿತ್ತು, 16–17ರವರು ಅದಕ್ಕೆ ಮೊದಲೇ ಆ ಘಟ್ಟ ದಾಟಿದ್ದರು. ಎರಡನೆಯದು ಗಂಡು ಹೆಣ್ಣು: ರಸ್ತೆ, ಶಿಕ್ಷಕರು, ಆದಾಯ ಇವುಗಳ ಲಾಭ ಹುಡುಗರಿಗೂ ಸಿಕ್ಕಿರುತ್ತದೆ, ಆದ್ದರಿಂದ ಹುಡುಗರ ಏರಿಕೆಯನ್ನು ಕಳೆದು ನೋಡಬೇಕು. ಮೂರನೆಯದು ನೆರೆರಾಜ್ಯ: 2000ದ ನವೆಂಬರಿನವರೆಗೆ ಬಿಹಾರದ ಭಾಗವೇ ಆಗಿದ್ದ ಜಾರ್ಖಂಡಿನಲ್ಲಿ ಇಂಥ ಯೋಜನೆ ಇರಲಿಲ್ಲ, ಅಲ್ಲಿನ ಹುಡುಗಿಯರಲ್ಲೂ ತಾನಾಗಿ ಆದ ಏರಿಕೆಯನ್ನು ಕಳೆಯಬೇಕು. ಇಷ್ಟೆಲ್ಲ ಸೋಸಿದ ಮೇಲೂ ಉಳಿದದ್ದು ಹೀಗಿತ್ತು: ಆ ವಯಸ್ಸಿನ ಹುಡುಗಿಯರ ಪ್ರೌಢಶಾಲಾ ದಾಖಲಾತಿಯಲ್ಲಿ ಶೇ 32ರಷ್ಟು ಹೆಚ್ಚಳ, ಹುಡುಗ ಹುಡುಗಿಯರ ನಡುವಿನ ಅಂತರದಲ್ಲಿ ಶೇ 40ರಷ್ಟು ಇಳಿಕೆ.

ಜಾರ್ಖಂಡ್ ಗುಡ್ಡಗಾಡು, ಬಿಹಾರ ಗಂಗೆಯ ಬಯಲು, ಎರಡನ್ನೂ ಹೋಲಿಸುವುದು ಸರಿಯೇ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ದೂರದ ಲೆಕ್ಕದಲ್ಲಿ, ಇಡೀ ಅಧ್ಯಯನದಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗವೂ ಅದೇ. ಪ್ರೌಢಶಾಲೆಯ ಹತ್ತಿರದ ಹಳ್ಳಿಗಳನ್ನೂ, ಮೂರು ಕಿಲೋಮೀಟರಿಗಿಂತ ಆಚೆಗಿನ ಹಳ್ಳಿಗಳನ್ನೂ ಬೇರೆ ಬೇರೆ ಇಟ್ಟು ನೋಡಿದಾಗ, ದಾಖಲಾತಿ ಏರಿದ್ದು ಮುಖ್ಯವಾಗಿ ದೂರದ ಹಳ್ಳಿಗಳಲ್ಲಿ. ಒಳ್ಳೆಯ ಆಡಳಿತವೋ ಹೊಸ ಶಿಕ್ಷಕರೋ ಕಾರಣವಾಗಿದ್ದರೆ ಶಾಲೆಯ ಪಕ್ಕದ ಊರಿನ ಹುಡುಗಿಯೂ ಅಷ್ಟೇ ಪ್ರಮಾಣದಲ್ಲಿ ಒಳಗೆ ಬರಬೇಕಿತ್ತು. ಅವಳಿಗೆ ಸೈಕಲ್ ಬೇಕಿರಲಿಲ್ಲ, ಆದ್ದರಿಂದ ಅಲ್ಲಿ ಅಂಕಿ ಅಷ್ಟಾಗಿ ಅಲುಗಲಿಲ್ಲ. ತೀರಾ ದೂರದ ಹಳ್ಳಿಗಳಲ್ಲಿ ಮತ್ತೆ ಪರಿಣಾಮ ತಗ್ಗುತ್ತದೆ, ಸೈಕಲ್ಲಿಗೂ ಎಟುಕದಷ್ಟು ದೂರ ಅದು. ನಡುವಿನ ಹಳ್ಳಿಗಳಲ್ಲಿ, ನಡೆದರೆ ದೂರ ಆದರೆ ತುಳಿದರೆ ಹತ್ತಿರ ಎನ್ನುವ ಕಡೆ, ಯೋಜನೆ ತನ್ನ ಕೆಲಸ ಮಾಡಿತು.

ಅದೇ ಖರ್ಚಿಗೆ ನಗದು ಸಹಾಯಧನ ಕೊಟ್ಟಿದ್ದರೆ? ದಕ್ಷಿಣ ಏಷ್ಯಾದಲ್ಲಿ ಇದಕ್ಕೆ ದೊಡ್ಡ ಮಾದರಿ ಬಾಂಗ್ಲಾದೇಶದ್ದು. ಅಲ್ಲಿ 1994ರಿಂದ ದೇಶದಾದ್ಯಂತ ಗ್ರಾಮೀಣ ಪ್ರೌಢಶಾಲೆಯ ಹುಡುಗಿಯರಿಗೆ ಮೂರು ಷರತ್ತುಗಳ ಮೇಲೆ ವಿದ್ಯಾರ್ಥಿವೇತನ ಕೊಟ್ಟರು: ಶೇ 75 ಹಾಜರಾತಿ, ಶೇ 45 ಅಂಕ, ಮದುವೆಯಾಗಿರಬಾರದು. ಅದರಿಂದಲೂ ಹುಡುಗಿಯರ ಸಂಖ್ಯೆ ಬಹಳವಾಗಿ ಏರಿತು. ಆದರೆ ಖರ್ಚು ಮಾಡಿದ ಪ್ರತಿ ರೂಪಾಯಿಗೆ ಎಷ್ಟು ಹುಡುಗಿಯರು ಹೆಚ್ಚುವರಿಯಾಗಿ ಸೇರಿದರು ಎಂದು ನೋಡಿದರೆ, ಈ ಭಾಗದ ಅಂಥ ನಗದು ಯೋಜನೆಗಳಿಗಿಂತ ಸೈಕಲ್ಲೇ ಮುಂದೆ ಎಂಬುದು ಮುರಳೀಧರನ್ ಮತ್ತು ಪ್ರಕಾಶ್ ಅವರ ಅಂದಾಜು. ತಿಂಗಳು ತಿಂಗಳು ಬರುವ ನಗದು ಮನೆಯ ಸಂತೆ ಖರ್ಚಿನಲ್ಲಿ ಕರಗಿಬಿಡಬಹುದು. ಸೈಕಲ್ ಹುಡುಗಿಯ ಹೆಸರಿನಲ್ಲಿ ಬಂದ ವಸ್ತು, ಅದು ದಾರಿ ಸವೆಸುವುದಕ್ಕೇ ಇರುವುದು.

ಗುಂಪಾಗಿ ಹೊರಟಾಗ

ಅಂಕಿಗಳು ಹೇಳಲಾಗದ ಒಂದು ಸಂಗತಿ ಉಳಿಯುತ್ತದೆ. ಬಿಹಾರದ ಹಳ್ಳಿಯಲ್ಲಿ ಬೆಳೆದ ಹುಡುಗಿ ಸೈಕಲ್ ತುಳಿಯುವುದು 2006ಕ್ಕೆ ಮೊದಲು ಅಪರೂಪದ ನೋಟ. ಒಬ್ಬಳು ತುಳಿದಿದ್ದರೆ ಊರೆಲ್ಲ ಬಾಗಿಲಿಗೆ ಬಂದು ನೋಡುತ್ತಿತ್ತು. ಆ ಒಬ್ಬಳಾಗಲು ಯಾವ ಮನೆಯೂ ಒಪ್ಪುವುದಿಲ್ಲ. ಒಂದೇ ತರಗತಿಯ ಎಲ್ಲ ಹುಡುಗಿಯರಿಗೂ ಒಟ್ಟಿಗೆ ಸೈಕಲ್ ಬಂದಾಗ ಮಾತ್ರ ಈ ಗಂಟು ಸಡಿಲವಾಗುತ್ತದೆ. 'ನಿಮ್ಮ ಮಗಳು ಸೈಕಲ್ ತುಳಿಯುತ್ತಾಳಂತೆ' ಎಂದು ಆಡಿಕೊಳ್ಳಬೇಕಾದ ನೆರೆಯವನ ಮಗಳೇ ಅದೇ ಗುಂಪಿನಲ್ಲಿ ಇದ್ದಾಳೆ, ಆಡಿಕೊಳ್ಳುವವರು ಯಾರು?

ದಾರಿಯ ಭಯಕ್ಕೂ ಇದೇ ಮದ್ದಾಯಿತು. ಮೂರು ನಾಲ್ಕು ಹಳ್ಳಿಗಳಿಂದ ಹೊರಟ ಸೈಕಲ್‌ಗಳು ಕೂಡುರಸ್ತೆಯಲ್ಲಿ ಒಂದಾಗಿ ಸಾಲುಗಟ್ಟಿ ಹೋಗುತ್ತವೆ. ಕ್ಯಾರಿಯರಿನಲ್ಲಿ ತಂಗಿ, ಬುಟ್ಟಿಯಲ್ಲಿ ಪುಸ್ತಕ, ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹೆಗಲಿಂದ ಸೊಂಟಕ್ಕೆ ಗಂಟು ಹಾಕಿದ ದುಪಟ್ಟಾ. ಪಾನ್ ಅಂಗಡಿಯ ಮುಂದೆ ನಿಂತ ಪುಂಡನಿಗೆ ಒಂಟಿಯಾಗಿ ನಡೆದುಹೋಗುವವಳು ಎಟುಕುತ್ತಾಳೆ, ಹತ್ತು ಜನರ ಸಾಲು ಅವನ ಮುಂದೆ ಸರ್ರನೆ ಹಾದುಹೋಗುತ್ತದೆ. ಸೈಕಲ್ ಪಯಣದ ಸಮಯವನ್ನು ಕಡಿಮೆ ಮಾಡಿದ್ದಷ್ಟೇ ಅಲ್ಲ, ಒಂಟಿ ಹುಡುಗಿಯ ಸಮಸ್ಯೆಯನ್ನು ಗುಂಪಿನ ರೂಢಿಯಾಗಿಸಿತು. ಫಲಾನುಭವಿಗಳನ್ನು ಆದಾಯ ಮಿತಿಯಿಂದ ಆರಿಸಿ, ತರಗತಿಯಲ್ಲಿ ಎಂಟು ಜನರಿಗೆ ಮಾತ್ರ ಕೊಟ್ಟಿದ್ದರೆ ಈ ಫಲ ಸಿಗುತ್ತಿರಲಿಲ್ಲ. ಮಿತವ್ಯಯದ ಹೆಸರಿನಲ್ಲಿ 'ನಿಜವಾದ ಬಡವರಿಗೆ ಮಾತ್ರ' ಎನ್ನುವವರು ಈ ಪ್ರಕರಣವನ್ನು ಒಮ್ಮೆ ನಿಧಾನವಾಗಿ ನೋಡುವುದು ಒಳ್ಳೆಯದು.

ಹೆಣ್ಣು ಮತ್ತು ಸೈಕಲ್ಲಿನ ನಂಟು ದಕ್ಷಿಣಕ್ಕೆ ಹೊಸದಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ, ಶೀಲಾರಾಣಿ ಚುಂಕತ್ ಜಿಲ್ಲಾಧಿಕಾರಿಯಾಗಿದ್ದಾಗ, ಸಾಕ್ಷರತಾ ಆಂದೋಲನದ ಭಾಗವಾಗಿಯೇ ಹಳ್ಳಿಯ ಹೆಂಗಸರಿಗೆ ಸೈಕಲ್ ಕಲಿಸಿದರು. ಕಲ್ಲುಕ್ವಾರಿಯ ಕೂಲಿಗಳಿಂದ ಅಂಗನವಾಡಿ ಕಾರ್ಯಕರ್ತೆಯರವರೆಗೆ ಸಾವಿರಾರು ಮಂದಿ ಕಲಿತರು. ಅಲ್ಲಿಯೂ ಗೆದ್ದದ್ದು ಒಟ್ಟಿಗೆ ಹೊರಟಿದ್ದರಿಂದಲೇ.

ಎಲ್ಲಿ ನಿಂತಿತು

ಇನ್ನು ಸೈಕಲ್ ಮಾಡದ್ದನ್ನು ನೋಡೋಣ. ಅದೇ ಅಧ್ಯಯನದ ಪ್ರಕಾರ ಹತ್ತನೇ ತರಗತಿಯ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆ ಶೇ 18ರಷ್ಟು ಏರಿತು, ಪಾಸಾದವರ ಸಂಖ್ಯೆ ಶೇ 12ರಷ್ಟು. ದಾಖಲಾತಿಯ 32 ಎಲ್ಲಿ, ಈ 18 ಎಲ್ಲಿ, ಈ 12 ಎಲ್ಲಿ! ಇವು ಬೇರೆ ಬೇರೆ ಅಂಕಿಅಂಶಗಳಿಂದ ಬಂದವು, ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲಾಗದು. ಆದರೂ ಏಣಿ ಏರುತ್ತ ಹೋದಂತೆ ಸಂಖ್ಯೆ ಇಳಿಯುವುದು ಕಾಣುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸೈಕಲ್ ಶಾಲೆಯ ಗೇಟಿನವರೆಗೆ ಬಿಡುತ್ತದೆ. ಗೇಟಿನ ಒಳಗೆ ಗಣಿತದ ಮೇಷ್ಟರು ಇದ್ದಾರೋ ಇಲ್ಲವೋ, ಒಂದೇ ಕೊಠಡಿಯಲ್ಲಿ ನೂರು ಮಕ್ಕಳಿದ್ದಾರೋ, ಹುಡುಗಿಯರಿಗೆ ಶೌಚಾಲಯವಿದೆಯೋ, ನಲ್ಲಿಯಲ್ಲಿ ನೀರಿದೆಯೋ, ಎಂಟನೆಯದು ಮುಗಿಸಿ ಬಂದವಳಿಗೆ ಒಂದು ಪುಟ ತಡವರಿಸದೆ ಓದಲು ಬರುತ್ತದೋ, ಇವಕ್ಕೆಲ್ಲ ಬೇರೆ ಹಣ, ಬೇರೆ ದುಡಿಮೆ ಬೇಕು. ಸರ್ಕಾರಗಳಿಗೆ ಸೈಕಲ್ ಹಂಚುವುದರಲ್ಲಿ ಇರುವ ಉತ್ಸಾಹ ಈ ಕೆಲಸದಲ್ಲಿ ಕಾಣುವುದಿಲ್ಲ, ಏಕೆಂದರೆ ಮೇಷ್ಟರನ್ನು ಹಂಚುವ ಫೋಟೊ ತೆಗೆಯಲಾಗುವುದಿಲ್ಲ.

ಯೋಜನೆಯ ರಾಜಕೀಯ ಫಲವೂ ಬೇಗ ಬಂತು. 2010ರ ವಿಧಾನಸಭಾ ಚುನಾವಣೆಯಲ್ಲಿ ಬಿಹಾರದ ಮಹಿಳೆಯರ ಮತದಾನ ಪ್ರಮಾಣ ಗಂಡಸರದನ್ನು ಮೀರಿತು, ಆಡಳಿತ ಮೈತ್ರಿಕೂಟ 243ರಲ್ಲಿ 206 ಸ್ಥಾನ ಗೆದ್ದಿತು. ಎಲ್ಲವೂ ಸೈಕಲ್ಲಿನಿಂದ ಅಂತಲ್ಲ. ಆದರೆ ರಾಜಕಾರಣಿಗಳು ಅದನ್ನು ಹಾಗೆಯೇ ಓದಿಕೊಂಡರು. ಅದಕ್ಕೂ ಒಂದು ವರ್ಷ ಮೊದಲೇ, 2009ರಲ್ಲಿ, ಹುಡುಗರಿಗೂ ಸೈಕಲ್ ಬಂದಿತ್ತು. ನ್ಯಾಯದ ದೃಷ್ಟಿಯಿಂದ ತಪ್ಪು ಹೇಳಲಾಗದು, ಬಡ ಹುಡುಗನೂ ನಡೆದೇ ಹೋಗುವವನು. ಆದರೆ 'ಇದು ಹುಡುಗಿಯದು' ಎಂಬ ಗುರುತಿನಿಂದ ಸಿಕ್ಕಿದ್ದ ಬಲ ಸ್ವಲ್ಪ ತೆಳುವಾಯಿತು ಎಂದೇ ನನ್ನ ಅನಿಸಿಕೆ. ಮುಂದೆ ಮೊತ್ತ 2500ಕ್ಕೆ, ಆಮೇಲೆ 3000ಕ್ಕೆ ಏರಿತು. ಶೇ 75 ಹಾಜರಾತಿಯ ಷರತ್ತು ಸೇರಿಕೊಂಡಿತು. ಹಣ ಶಾಲೆಯ ಸಮಾರಂಭದ ಬದಲು ಬ್ಯಾಂಕ್ ಖಾತೆಗೆ ಹೋಗತೊಡಗಿತು. ಖಾತೆಗೆ ಹೋಗುವುದು ಅಚ್ಚುಕಟ್ಟು, ಒಪ್ಪೋಣ. ಆದರೆ ಊರಿನ ಎದುರು ಕೊಡುವುದರಲ್ಲಿ ಇದ್ದ ಕಾವಲು ಮೊಬೈಲಿಗೆ ಬರುವ ಸಂದೇಶದಲ್ಲಿ ಇಲ್ಲ.

2011ರ ಜನಗಣತಿಯ ಹೊತ್ತಿಗೆ ಬಿಹಾರದ ಹೆಣ್ಣುಮಕ್ಕಳ ಸಾಕ್ಷರತೆ ಶೇ 51 ದಾಟಿತ್ತು. 2019ರ ಮೆಟ್ರಿಕ್ ಪರೀಕ್ಷೆಗೆ ನೋಂದಾಯಿಸಿಕೊಂಡವರಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚಿದ್ದರು. ಮೊದಲ ಸೈಕಲ್ ತಂಡದ ಹುಡುಗಿಯರು ದೊಡ್ಡವರಾದ ಮೇಲೆ ಅವರನ್ನು ಹುಡುಕಿಕೊಂಡು ಹೋದ ಸಂಶೋಧಕರಿಗೆ ಕಂಡದ್ದು ಮಾತ್ರ ಎರಡು ಬಗೆಯ ಚಿತ್ರ. ಅವರು ಹೆಚ್ಚು ಓದಿದ್ದರು, ತಮ್ಮ ಬಗ್ಗೆ ಹೆಚ್ಚಿನದನ್ನು ಬಯಸುತ್ತಿದ್ದರು. ಕೆಲಸ ಮಾತ್ರ ಸಿಕ್ಕಿರಲಿಲ್ಲ. ಓದಿದವಳು ಕೂಲಿಗೆ ಹೋಗಲು ಒಪ್ಪುವುದಿಲ್ಲ, ಓದಿಗೆ ತಕ್ಕ ಕೆಲಸ ಆ ಹಳ್ಳಿಗಳ ಸುತ್ತ ಇಲ್ಲ. ಹತ್ತನೆಯದರ ಆಚೆ ಏನು ಎಂಬ ಪ್ರಶ್ನೆಗೆ ಸರ್ಕಾರದ ಉತ್ತರ ಮತ್ತೆ ಹಣದ ರೂಪದಲ್ಲೇ ಬಂತು. 2018ರ 'ಮುಖ್ಯಮಂತ್ರಿ ಕನ್ಯಾ ಉತ್ಥಾನ್ ಯೋಜನೆ'ಯಲ್ಲಿ ಹನ್ನೆರಡನೆಯದು ಪಾಸಾದ ಅವಿವಾಹಿತ ಹುಡುಗಿಗೆ ಹತ್ತು ಸಾವಿರ, ಪದವಿ ಮುಗಿಸಿದವಳಿಗೆ ಇಪ್ಪತ್ತೈದು ಸಾವಿರ. ಮುಂದೆ ಇವು ಇಪ್ಪತ್ತೈದು ಮತ್ತು ಐವತ್ತು ಸಾವಿರವಾದವು. ಇದು ಓದು ಮುಗಿಸಿದ ಮೇಲೆ ಬರುವ ಬಹುಮಾನ. ಓದುವಾಗ ಕಾಲೇಜಿಗೆ ಹೋಗಿಬರುವ ಬಸ್ಸಿನ ಪ್ರಶ್ನೆ ಅದರಿಂದ ತೀರುವುದಿಲ್ಲ.

ನಮ್ಮ ಕಡೆ

ಕರ್ನಾಟಕವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ, 2006–07ರಲ್ಲಿ, ಸೈಕಲ್ ಕೊಡಲು ಶುರುಮಾಡಿತು. ಇಲ್ಲಿ ಪ್ರೌಢಶಾಲೆ ಎಂಟರಿಂದ, ಆದ್ದರಿಂದ ಎಂಟನೇ ತರಗತಿಯವರಿಗೆ. ಮೊದಲು ಬಡ ಕುಟುಂಬದ ಹುಡುಗಿಯರಿಗೆ, ಬೇಗನೇ ಹುಡುಗರಿಗೂ. ಹಾಸ್ಟೆಲಿನಲ್ಲಿ ಇರುವವರು, ಬಸ್ ಪಾಸ್ ಪಡೆದವರು ಹೊರಗೆ. ಮುಖ್ಯ ವ್ಯತ್ಯಾಸ ಎಂದರೆ ಇಲ್ಲಿ ಕೊಟ್ಟದ್ದು ಹಣವಲ್ಲ, ಟೆಂಡರ್ ಮೂಲಕ ಕೊಂಡ ಸೈಕಲ್. ಶಾಲೆಯ ಅಂಗಳದಲ್ಲಿ ಒಂದೇ ಬಣ್ಣದ ಸೈಕಲ್‌ಗಳು ಸಾಲಾಗಿ ನಿಂತ ಚಿತ್ರ ಪತ್ರಿಕೆ ಓದುವವರಿಗೆಲ್ಲ ಪರಿಚಿತ. ತಡವಾಗಿ ಬಂತು, ಗುಣಮಟ್ಟ ಸಾಲದು ಎಂಬ ದೂರಿನ ಸುದ್ದಿಯೂ ಅಷ್ಟೇ ಪರಿಚಿತ. ಶೈಕ್ಷಣಿಕ ವರ್ಷ ಜೂನಿನಲ್ಲಿ ಆರಂಭವಾಗಿ ಸೈಕಲ್ ಡಿಸೆಂಬರಿನಲ್ಲಿ ಬಂದರೆ, ಎಂಟನೆಯದಕ್ಕೆ ಸೇರಬೇಕೋ ಬೇಡವೋ ಎಂದು ಜೂನಿನಲ್ಲಿ ತೀರ್ಮಾನಿಸಿದ ಮನೆಗೆ ಅದರಿಂದ ಆದ ಪ್ರಯೋಜನವೇನು? ಸೇರಿದವಳಿಗೆ ಅನುಕೂಲವಾಯಿತು, ಸೇರದವಳನ್ನು ಅದು ಒಳಗೆ ತರಲಿಲ್ಲ. ಕೋವಿಡ್ ಕಾಲದಲ್ಲಿ ಶಾಲೆಗಳ ಜೊತೆ ಯೋಜನೆಯೂ ನಿಂತಿತು.

2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ. ಪಿಯು ಕಾಲೇಜಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗುವವಳಿಗೆ ಇದು ಸೈಕಲ್ಲಿಗಿಂತ ದೊಡ್ಡ ಆಸರೆ. ಬಿಹಾರದ ಮೂರು ಕಿಲೋಮೀಟರಿನ ಪಾಠವನ್ನು ಇಲ್ಲಿಗೂ ಒಯ್ಯಬಹುದು: ಟಿಕೆಟಿನ ಬೆಲೆ ಸೊನ್ನೆಯಾದರೂ, ಬೆಳಿಗ್ಗೆ ಎಂಟೂವರೆಗೆ ಆ ಹಳ್ಳಿಗೆ ಬಸ್ಸೇ ಬಾರದಿದ್ದರೆ, ಅಥವಾ ಬಂದ ಬಸ್ಸು ಮಕ್ಕಳನ್ನು ಕಂಡು ನಿಲ್ಲಿಸದೆ ಹೋದರೆ, ಆ ಹುಡುಗಿಯ ಪಾಲಿಗೆ ದೂರ ಹಾಗೆಯೇ ಇರುತ್ತದೆ. ಯಾವ ಹಳ್ಳಿಯಿಂದ ಯಾವ ಪ್ರೌಢಶಾಲೆಗೆ, ಯಾವ ಪಿಯು ಕಾಲೇಜಿಗೆ ಎಷ್ಟು ದೂರ, ಆ ದಾರಿಯಲ್ಲಿ ಶಾಲಾ ಸಮಯಕ್ಕೆ ಬಸ್ ಇದೆಯೇ ಎಂಬ ಪಟ್ಟಿಯನ್ನು ಒಂದು ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಡಿಪೊ ವ್ಯವಸ್ಥಾಪಕರು ಒಂದು ಮೇಜಿನ ಸುತ್ತ ಕುಳಿತರೆ ಒಂದು ದಿನದಲ್ಲಿ ಮಾಡಬಹುದು. ಬಸ್ ಇಲ್ಲದ, ಮೂರರಿಂದ ಎಂಟು ಕಿಲೋಮೀಟರಿನ ಹಳ್ಳಿಗಳು ಆ ಪಟ್ಟಿಯಲ್ಲಿ ತಾವಾಗಿಯೇ ಎದ್ದು ಕಾಣುತ್ತವೆ. ಸೈಕಲ್ ಯೋಜನೆಯನ್ನು ಮತ್ತೆ ಶುರುಮಾಡುವುದಾದರೆ ಮೊದಲ ಹಣ ಹೋಗಬೇಕಾದದ್ದು ಅಲ್ಲಿಗೆ, ಮೇ ತಿಂಗಳಿನಲ್ಲಿ, ಆ ಹಳ್ಳಿಯ ಎಲ್ಲ ಹುಡುಗಿಯರಿಗೂ ಒಟ್ಟಿಗೆ.

ಒಂದು ವಿವರವನ್ನು ಬಿಹಾರಕ್ಕಿಂತ ಜಾಂಬಿಯಾದಿಂದ ಕಲಿಯುವುದು ಮೇಲು. ಆಫ್ರಿಕಾದ ಆ ದೇಶದಲ್ಲಿ ಶಾಲೆಗೆ ದೂರ ನಡೆಯುವ ಹಳ್ಳಿ ಹುಡುಗಿಯರಿಗೆ ಸೈಕಲ್ ಕೊಟ್ಟು ಪರೀಕ್ಷಿಸಿದ ತಂಡದಲ್ಲಿ ನಿಶೀಥ್ ಪ್ರಕಾಶ್ ಕೂಡ ಇದ್ದರು. ಯಾವ ಶಾಲೆಗೆ ಕೊಡಬೇಕು, ಯಾವುದನ್ನು ಹೋಲಿಕೆಗೆ ಬಿಡಬೇಕು ಎಂಬುದನ್ನು ಅಲ್ಲಿ ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರಿಂದ ಬಿಹಾರದಂತೆ ಸುತ್ತುಬಳಸಿನ ಲೆಕ್ಕ ಬೇಕಾಗಲಿಲ್ಲ. ಪ್ರಯಾಣದ ಸಮಯ ಸುಮಾರು ಮೂರನೇ ಒಂದು ಭಾಗ ತಗ್ಗಿತು, ಗೈರುಹಾಜರಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಅಲ್ಲಿ ಕೊಟ್ಟ ಸೈಕಲ್ ಮಣ್ಣುದಾರಿಗೆ ತಕ್ಕಂತೆ ಗಟ್ಟಿಯಾಗಿ ಮಾಡಿದ್ದು. ಜೊತೆಗೆ ಊರಿನವರದೇ ಒಂದು ಉಸ್ತುವಾರಿ ಸಮಿತಿ, ರಿಪೇರಿಗೆ ತರಬೇತಿ ಪಡೆದ ಮೆಕ್ಯಾನಿಕ್, ಬಿಡಿಭಾಗಗಳ ಪೂರೈಕೆ ಇವೆಲ್ಲ ಯೋಜನೆಯ ಒಳಗೇ ಇದ್ದವು. ನಮ್ಮಲ್ಲಿ ಸೈಕಲ್ ಕೊಟ್ಟ ದಿನಕ್ಕೆ ಯೋಜನೆ ಮುಗಿಯುತ್ತದೆ. ಆರು ತಿಂಗಳಿಗೆ ಟ್ಯೂಬ್ ಹೋದರೆ, ಪಂಕ್ಚರ್ ಹಾಕುವವನು ಇರುವುದು ಶಾಲೆ ಇರುವ ಊರಿನಲ್ಲೇ. ಅಲ್ಲಿಯವರೆಗೆ ತಳ್ಳಿಕೊಂಡು ಹೋಗಬೇಕು, ಐವತ್ತೋ ನೂರೋ ರೂಪಾಯಿಯನ್ನು ಅಪ್ಪನ ಬಳಿ ಕೇಳಬೇಕು. ಆ ಹಣ ಸಿಗುವವರೆಗೆ ಸೈಕಲ್ ಗೋಡೆಗೆ ಒರಗಿರುತ್ತದೆ, ಹುಡುಗಿ ಮನೆಯಲ್ಲಿರುತ್ತಾಳೆ. ಶಾಲಾಭಿವೃದ್ಧಿ ಸಮಿತಿಯ ಕೈಯಲ್ಲಿ ವರ್ಷಕ್ಕೆ ಒಂದಿಷ್ಟು ರಿಪೇರಿ ಹಣ, ಶಾಲೆಯಲ್ಲಿ ಒಂದು ಪಂಪ್, ಸ್ಪ್ಯಾನರ್, ಪಂಕ್ಚರ್ ಸಾಮಾನಿನ ಪೆಟ್ಟಿಗೆ, ಅದನ್ನು ಬಳಸಲು ಹತ್ತನೇ ತರಗತಿಯ ನಾಲ್ಕು ಹುಡುಗಿಯರಿಗೆ ಎರಡು ದಿನದ ತರಬೇತಿ: ಸಾವಿರಾರು ಸೈಕಲ್ ಕೊಳ್ಳುವ ಬಜೆಟ್ಟಿನಲ್ಲಿ ಈ ಖರ್ಚಿಗೆ ಪ್ರತ್ಯೇಕ ಸಾಲು ಬರೆಯುವುದು ಯಾವ ಇಲಾಖೆಗೂ ಕಷ್ಟದ ಕೆಲಸವಲ್ಲ.